ಮಾರಿ ಅಕ್ಕನ ಚೀಲ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಸಂಸಾರಗಳಿಗೆ ಚಳಿ ಬೇಕಾಗುತ್ತದೆ. ಚಳಿ ಅಲ್ಲೂ ಬೀಳುತ್ತದೆ, ಆದರೆ ಫೋಟೋದಲ್ಲಿ ಕಾಣುವುದಿಲ್ಲ. ಹಾಗಾಗಿ ಶಾಲೆಗೆ ರಜೆ ಸಿಕ್ಕ ಮಾರನೆಯ ದಿನವೇ ಮಕ್ಕಳ ತಲೆಗೆ ಮಂಕಿ ಟೋಪಿ ಸಿಕ್ಕಿಸಿ, ಕಾರಿನ ತುಂಬ ಚಿಪ್ಸ್ ಪೊಟ್ಟಣ ಹೇರಿಕೊಂಡು, ಮಾದಾಪುರದ ತಿರುವುಗಳಲ್ಲಿ ಒಂದೆರಡು ಸಲ ನಿಲ್ಲಿಸಿ ಮಕ್ಕಳಿಗೆ ವಾಂತಿ ಮಾಡಿಸಿ, ಕುಸುಮಾಳ ಹೋಮ್‌ಸ್ಟೇಗೆ ಬಂದಿಳಿಯುತ್ತಿದ್ದರು. ಕುಸುಮಾ ಅವರಿಗೆ ಚಳಿಯನ್ನು ಅಚ್ಚುಕಟ್ಟಾಗಿ ಒದಗಿಸುತ್ತಿದ್ದಳು. ಮೊದಲ ದಿನ ಜೀಪಿನಲ್ಲಿ ಗುಡ್ಡ, ಸಂಜೆ ಬೆಂಕಿಯ ಸುತ್ತ ಕುರ್ಚಿ, ಎರಡನೆಯ ದಿನ ಹೊಳೆ, ಮೂರನೆಯ ದಿನ ‘ಒಂದು ದಿನ ಕಾಫಿ ಕೆಲಸಗಾರರಾಗಿ’. ಹೆಚ್ಚು ಹೆಸರಾಗಿದ್ದು ಈ ಮೂರನೆಯದೇ. ಬೇರೆಯವರ ಕೆಲಸವನ್ನು ಅರ್ಧ ಗಂಟೆ ಮಾಡುವುದು ಜನಕ್ಕೆ ಬಹಳ ಖುಷಿ ಕೊಡುತ್ತದೆ.

ಆ ಮೂರನೆಯ ದಿನವನ್ನು ನಡೆಸಿಕೊಡುತ್ತಿದ್ದವಳು ಮಾರಿ. ಇಪ್ಪತ್ತು ವರ್ಷದಿಂದ ಎಸ್ಟೇಟಿನ ಲೈನಿನಲ್ಲಿ, ಎಂದರೆ ಕೆಲಸದವರ ಸಾಲುಮನೆಯಲ್ಲಿ, ಇದ್ದ ಹೆಂಗಸು. ಕುಸುಮಾ ಅವಳ ತಲೆಗೆ ಕಟ್ಟಲೆಂದೇ ಒಂದು ಕೆಂಪು ವಸ್ತ್ರ ತಂದಿಟ್ಟಿದ್ದಳು. ಮಾರಿ ಅದನ್ನು ಕಟ್ಟಿಕೊಂಡು ಮಕ್ಕಳಿಗೆ ಹಣ್ಣು ಬಿಡಿಸುವುದನ್ನು ತೋರಿಸುತ್ತಿದ್ದಳು, ಫೋಟೋಕ್ಕೆ ನಗುತ್ತಿದ್ದಳು, ಆಮೇಲೆ ವಸ್ತ್ರ ವಾಪಸು ಕೊಟ್ಟು ತನ್ನ ಪಾಡಿಗೆ ಕೆಲಸಕ್ಕೆ ಹೋಗುತ್ತಿದ್ದಳು.

ಅವಳ ನಿಜವಾದ ಕೆಲಸ ಇದ್ದದ್ದು ಮೇಲ್ತೋಟದಲ್ಲಿ. ಅಲ್ಲಿಯ ಅರೇಬಿಕಾ ಕಾಫಿಯನ್ನು ಕುಸುಮಾಳ ಗಂಡ ರೇಣುಕಪ್ರಸಾದ್ ಬೇರೆಯಾಗಿಯೇ ಬೆಳೆಸಿದ್ದ. ಅಲ್ಲಿ ಪೂರಾ ಕೆಂಪಾದ ಹಣ್ಣನ್ನು ಮಾತ್ರ ಒಂದೊಂದಾಗಿ ಬಿಡಿಸಬೇಕು. ಒಂದು ಹಸಿರು ಕಾಯಿಯೂ ಬೀಳಬಾರದು. ಸಂಜೆ ಎಲ್ಲ ಹೆಂಗಸರೂ ತಮ್ಮ ಚೀಲವನ್ನು ಟಾರ್ಪಾಲಿನ ಮೇಲೆ ಸುರಿದು ಲೆಕ್ಕ ಬರೆಯುವ ರೈಟರ್ ದೇರಪ್ಪನಿಗೆ ತೋರಿಸುವುದು ಪದ್ಧತಿ. ಮಾರಿಯ ಚೀಲವನ್ನು ಮಾತ್ರ ಅವನು ಬಿಚ್ಚುತ್ತಿರಲಿಲ್ಲ. ಅವಳು ಹಾಕಿದ ಗಂಟು ಹಾಗೆಯೇ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯವರೆಗೆ ಹೋಗುತ್ತಿತ್ತು. ಆ ತೋಟದಲ್ಲಿ ಇಂಥ ಮರ್ಯಾದೆ ಇನ್ನಾರಿಗೂ ಇರಲಿಲ್ಲ.

ಈ ಮರ್ಯಾದೆಯಿಂದಲೇ ಅವಳ ಕೋಣೆಯೂ ಉಳಿದಿತ್ತು. ಅರೇಬಿಕಾ ಕುಯ್ಲು ಮುಗಿದ ಮೇಲೆ ಲೈನಿನ ಅರ್ಧ ಜನ ಬೇರೆ ಕಡೆ ಹೋಗಲೇಬೇಕು, ಮಾರಿ ಮಾತ್ರ ಇರಬಹುದು. ಮಗಳು ಚಿನ್ನಿ ಮಾದಾಪುರದ ಶಾಲೆಯಲ್ಲಿ ಹತ್ತನೇ ಕ್ಲಾಸು. ಮಾರ್ಚಿನಲ್ಲಿ ಪರೀಕ್ಷೆ. “ಅಲ್ಲೀವರ್ಗೂ ಕೋಣೆ ಒಂದಿದ್ರೆ ಸಾಕು ಅಮ್ಮಾ, ಆಮೇಲೆ ಎಲ್ಲಿಗೆ ಹೋಗು ಅಂದ್ರೂ ಹೋಯ್ತೀನಿ,” ಎಂದು ಮಾರಿ, ಕುಸುಮಾ ಕೇಳದಿದ್ದರೂ, ಅವಳಿಗೆ ಹೇಳುತ್ತಿದ್ದಳು. ಬೆಂಗಳೂರಿನ ಮಕ್ಕಳಿಗೂ ಹೇಳುತ್ತಿದ್ದಳು. ಆ ವರ್ಷ ಬಂದಿದ್ದ ಅಕ್ಷಿತ್ ಎಂಬ ಒಂಬತ್ತು ವರ್ಷದ ಹುಡುಗ ಅದನ್ನು ಕಣ್ಣು ಬಿಟ್ಟುಕೊಂಡು ಕೇಳಿದ್ದ.

ರೇಣುಕಪ್ರಸಾದ್ ಮಾಡಿದ್ದ ಕಾನೂನು ಎರಡು. ಮೇಲ್ತೋಟದ ಹಣ್ಣು ಕೆಡಿಸಿದವರು ಅವತ್ತೇ ಲೈನು ಬಿಡಬೇಕು, ಅದು ಕೆಲಸದವರಿಗೆ. ಇನ್ನೊಂದು ಹೆಂಡತಿಗೆ.

“ನಿನ್ ಗೆಸ್ಟುಗಳು ಕೆಳಗಡೆ ಏನಾರ ಕುಣ್ಕೊಳ್ಳಿ. ಮೇಲ್ತೋಟಕ್ಕೆ ಕಾಲಿಟ್ರೋ, ಅವತ್ತೇ ನಿನ್ ಹೋಮ್‌ಸ್ಟೇ ಬೋರ್ಡ್ ಕಿತ್ತು ಒಲೆಗೆ ಹಾಕ್ತೀನಿ.”

“ಆಯ್ತು ಕಣ್ರಿ, ಯಾರ್ ಹೋಗ್ತಾರೆ ಅಲ್ಲಿಗೆ,” ಎಂದಿದ್ದಳು ಕುಸುಮಾ.

ಅಕ್ಷಿತ್ ಬಂದ ಮೂರನೆಯ ದಿನ, ಸೋಮವಾರ, ರೇಣುಕಪ್ರಸಾದ್ ಸೋಮವಾರಪೇಟೆಗೆ ಹೋಗಿದ್ದ. ಗೆಸ್ಟುಗಳಿಗೆಂದೇ ಬಿಟ್ಟಿದ್ದ ಕೆಳತೋಟದಲ್ಲಿ ಕುಯ್ಲು ಮುಗಿದು ಗಿಡಗಳು ಬೋಳಾಗಿದ್ದವು. ಅಕ್ಷಿತನ ಅಮ್ಮ ಕವನಾ ಮೊಬೈಲ್ ಹಿಡಿದು ಎರಡು ಸುತ್ತು ಬಂದಳು. “ಆಂಟಿ, ಕೆಂಪು ಹಣ್ಣೇ ಇಲ್ವಲ್ಲ. ಇದಕ್ಕಾ ನಾವು ಅಷ್ಟು ದೂರದಿಂದ ಬಂದಿದ್ದು?” ಎಂದಳು. ಆ ಮಾತು ಕುಸುಮಾಳಿಗೆ ಚುರುಕ್ಕೆಂದಿತು. ಐದು ನಿಮಿಷದಲ್ಲಿ ಮೂರು ಸಂಸಾರ, ಆರು ಮಕ್ಕಳು ಮೇಲ್ತೋಟದಲ್ಲಿದ್ದರು.

ಉಳಿದ ಹೆಂಗಸರೂ ದೇರಪ್ಪನೂ ಗುಡ್ಡದ ಆಚೆ ಮಗ್ಗುಲಲ್ಲಿದ್ದರು. ಮಾರಿ ಗೆಸ್ಟುಗಳನ್ನು ನೋಡಿ ಒಂದು ಗಳಿಗೆ ಗಾಬರಿಯಾದಳು. ಆಮೇಲೆ ಅಮ್ಮಾವ್ರೇ ಕರೆತಂದ ಮೇಲೆ ತನಗೇನೆಂದು ಕೆಂಪು ವಸ್ತ್ರ ಕಟ್ಟಿಕೊಂಡು, ಹಣ್ಣು ಯಾವುದು, ಕಾಯಿ ಯಾವುದು ಎಂದು ತೋರಿಸತೊಡಗಿದಳು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕುಸುಮಾ ಅವಳನ್ನು ಬಿಸಿ ಕಾಫಿ, ಕಡುಬು ತರಲು ಮನೆಗೆ ಅಟ್ಟಿದಳು. ಅವಳ ಚೀಲ ಗಿಡದ ಬುಡದಲ್ಲೇ ಉಳಿಯಿತು.

ಆಗ ಅಕ್ಷಿತನಿಗೆ ಒಂದು ಯೋಚನೆ ಬಂತು. ಒಳ್ಳೆಯ ಯೋಚನೆಯೇ. ಮಾರಿ ಅಕ್ಕ ಬರುವಷ್ಟರಲ್ಲಿ ಎಲ್ಲರೂ ಸೇರಿ ಅವಳ ಚೀಲ ತುಂಬಿಬಿಟ್ಟರೆ ಅವಳು ಬೇಗ ಮನೆಗೆ ಹೋಗಿ ಚಿನ್ನಿ ಅಕ್ಕನಿಗೆ ಪಾಠ ಓದಿಸಬಹುದು. ಆರೂ ಮಕ್ಕಳು ಗಿಡಗಳ ಮೇಲೆ ಬಿದ್ದರು. ಕೊಂಬೆ ಹಿಡಿದು ಜಗ್ಗಿದರು. ಹಣ್ಣು, ಕಾಯಿ, ಎಲೆ ಎಲ್ಲವೂ ಬಂದವು. ಎಲೆ ಮಾತ್ರ ತೆಗೆದು ಉಳಿದದ್ದನ್ನು ಚೀಲಕ್ಕೆ ಸುರಿದು, ಚೆಂದ ಕಾಣಲೆಂದು ಮೇಲೊಂದಿಷ್ಟು ಕೆಂಪು ಹಣ್ಣು ಹರಡಿದರು. ಕವನಾ ಎಲ್ಲವನ್ನೂ ವಿಡಿಯೋ ಮಾಡಿದಳು. ಕುಸುಮಾ ನೋಡುತ್ತ ನಿಂತಿದ್ದಳು. ಬೇಡ ಅನ್ನಬೇಕು ಅನ್ನಿಸಿತು, ಆದರೆ ಮಕ್ಕಳು ಅಷ್ಟು ನಗುತ್ತಿದ್ದರು, ಅವರ ಅಮ್ಮಂದಿರೂ ನಗುತ್ತಿದ್ದರು. ನಗುವ ಗಿರಾಕಿಯನ್ನು ತಡೆಯುವಷ್ಟು ಧೈರ್ಯ ಅವಳಿಗಿರಲಿಲ್ಲ.

ಮಾರಿ ಬಂದು ಚೀಲ ಎತ್ತಿದಳು.

“ಇದೇನಮ್ಮಾ, ಇಷ್ಟು ಭಾರ ಆಗೈತೆ?”

“ಸರ್ಪ್ರೈಸ್!” ಎಂದು ಮಕ್ಕಳು ಕೂಗಿದರು.

ಮಾರಿ ಕೈ ಒಳಗೆ ಹಾಕಿ ನೋಡಲು ಬಗ್ಗಿದಳು. ಆದರೆ ಕವನಾ ಗುಂಪಿನ ಫೋಟೋಕ್ಕೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದಳು, ಬಿಸಿಲು ಹೋಗುತ್ತದೆಂದು ಅವಸರ ಮಾಡುತ್ತಿದ್ದಳು.

“ನಾನೇ ನಿಂತು ನೋಡಿದ್ದೀನಿ ಮಾರಿ. ಬರೀ ಹಣ್ಣು. ಕಟ್ಟು, ಬೇಗ ಬಾ,” ಎಂದಳು ಕುಸುಮಾ.

ಮಾರಿ ಕಟ್ಟಿದಳು. ಅವಳ ಮಾತನ್ನು ದೇರಪ್ಪ ಹೇಗೆ ನಂಬುತ್ತಿದ್ದನೋ ಹಾಗೆಯೇ ಅವಳು ಕುಸುಮಾಳ ಮಾತನ್ನು ನಂಬಿದಳು. ಗೆಸ್ಟುಗಳು ಹೋದ ಮೇಲೆ ತಾನೇ ಬಿಚ್ಚಿ ನೋಡುತ್ತೇನೆ, ಕಾಯಿದ್ದರೆ ಆರಿಸಿ ತೆಗೆಯುತ್ತೇನೆ ಎಂದು ಕುಸುಮಾ ಅಂದುಕೊಂಡಿದ್ದೂ ನಿಜ. ಮಧ್ಯಾಹ್ನದ ಊಟಕ್ಕೆ ಹಂದಿ ಮಾಂಸದ ಪಂದಿ ಕರಿ ಮಾಡಿಸಬೇಕೆಂದು ಒಂದು ಸಂಸಾರ, ಬೇಡವೆಂದು ಇನ್ನೊಂದು ಸಂಸಾರ ಗಲಾಟೆ ಎಬ್ಬಿಸಿದ್ದರಲ್ಲಿ ಅವಳಿಗೆ ಅದು ಮರೆತೇ ಹೋಯಿತು.

ಸಂಜೆ ನಾಲ್ಕಕ್ಕೆ ರೇಣುಕಪ್ರಸಾದ್ ಒಬ್ಬನೇ ಬರಲಿಲ್ಲ. ಮೇಲ್ತೋಟದ ಫಸಲನ್ನು ಹೊರದೇಶಕ್ಕೆ ಕಳಿಸುವ ಖರೀದಿದಾರನೂ ಜೊತೆಗಿದ್ದ. ಅವನು ಪಲ್ಪರ್ ಮನೆಯಲ್ಲಿ ಸಾಲಾಗಿಟ್ಟ ಚೀಲಗಳನ್ನು ನೋಡಿ, ಒಂದನ್ನು ಬಿಚ್ಚಬಹುದೇ ಎಂದು ಕೇಳಿದ. “ಇದ್ನೇ ಬಿಚ್ಚಿ ಸಾರ್, ಇದು ನಮ್ ಮಾರಿದು,” ಎಂದ ದೇರಪ್ಪ ಹೆಮ್ಮೆಯಿಂದ.

ಖರೀದಿದಾರ ಚೀಲವನ್ನು ನೆಲಕ್ಕೆ ಸುರಿದ. ಒಂದು ಮೊರದಷ್ಟು ಕೆಂಪು ಬಿತ್ತು. ಅದರ ಹಿಂದೆ ಹಸಿರೇ ಹಸಿರು. ಅವನು ಕಾಲಿನಿಂದ ಅದನ್ನು ಸ್ವಲ್ಪ ಸರಿಸಿ, ಕೈ ಒರೆಸಿಕೊಂಡು, ಇನ್ನೊಮ್ಮೆ ಬರುತ್ತೇನೆಂದು ಹೊರಟುಹೋದ.

ಮಾರಿಯನ್ನು ಕರೆಸಿದರು. ಅವಳು ಹಸಿರು ರಾಶಿಯನ್ನು ನೋಡಿದಳು. ಬಾಗಿಲ ಹತ್ತಿರ ನಿಂತಿದ್ದ ಕುಸುಮಾಳ ಕಡೆ ತಿರುಗಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಅಮ್ಮ ಬಂದರಲ್ಲ, ಇನ್ನು ಪರವಾಗಿಲ್ಲ ಎಂಬಂತಿತ್ತು.

“ಸಾವ್ಕಾರ್ರೆ, ನಾನ್ ಹಾಕಿದ್ದಲ್ಲ. ಗೆಸ್ಟು ಮಕ್ಳು ಹಾಕಿದ್ದು. ಅಮ್ಮಾವ್ರೇ ನಿಂತು ನೋಡವ್ರೆ. ಕಟ್ಟು ಅಂದೋರೂ ಅವ್ರೇ. ಕೇಳಿ.”

ರೇಣುಕಪ್ರಸಾದ್ ಹೆಂಡತಿಯನ್ನು ನೋಡಿದ. “ಗೆಸ್ಟು ಮೇಲ್ತೋಟಕ್ಕೆ ಬಂದಿದ್ರಾ?”

ಅಂಗಳದಲ್ಲಿ ಸಂಜೆಯ ಬೆಂಕಿಗೆ ಸೌದೆ ಜೋಡಿಸುತ್ತಿದ್ದ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು. ಹೊಸ ವರ್ಷದವರೆಗೂ ಕೋಣೆಗಳೆಲ್ಲ ಭರ್ತಿ. ಕುಸುಮಾಳಿಗೆ ಆ ಬೋರ್ಡು ಕಣ್ಣಿಗೆ ಕಟ್ಟಿತು. ಅದರ ಮೇಲಿನ ಅಕ್ಷರ ಅವಳೇ ಬರೆಸಿದ್ದು.

“ನಾನೆಲ್ಲಿ ನೋಡಿದೆ ಮಾರಿ?” ಎಂದಳು. “ಗೆಸ್ಟುಗಳು ಕೆಳಗಡೇನೇ ಇದ್ರಲ್ಲ.”

ಮಾರಿ ಬಗ್ಗಿ ರಾಶಿಯಿಂದ ಕೆಂಪು ಹಣ್ಣುಗಳನ್ನು ಬೇರೆ ಮಾಡತೊಡಗಿದಳು. ತಪ್ಪು ಒಪ್ಪಿಕೊಂಡಳು ಎಂದುಕೊಂಡ ದೇರಪ್ಪ. ಅದು ಹಾಗಲ್ಲ. ಇಪ್ಪತ್ತು ವರ್ಷ ನೋಡಿದ ಮುಖ ಒಮ್ಮೆಲೇ ಬೇರೆಯಾದರೆ ಕೈ ತನಗೆ ಗೊತ್ತಿರುವ ಕೆಲಸವನ್ನೇ ಹಿಡಿಯುತ್ತದೆ.

ಕತ್ತಲಾಗುವ ಮೊದಲೇ ತಾಯಿ ಮಗಳು ಮೂರ್ನಾಡಿನ ಕಡೆಯ ಯಾವುದೋ ತೋಟದ ಜೀಪು ಹತ್ತಿದರು. ಚಿನ್ನಿ ಪುಸ್ತಕದ ಚೀಲವನ್ನು ಮುಂದೆ ಹಾಕಿಕೊಂಡಿದ್ದಳು. ಕುಸುಮಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಅಳು ಬಂತು, ಅತ್ತಳು ಕೂಡ. ಅತ್ತು ಮುಖ ತೊಳೆದು ಕವನಾಳ ಕೋಣೆಗೆ ಹೋಗಿ, ಮೇಲ್ತೋಟದ ವಿಡಿಯೋ ಎಲ್ಲೂ ಹಾಕಬೇಡ, ಮನೆಯವರಿಗೆ ಇಷ್ಟವಾಗುವುದಿಲ್ಲ ಎಂದು ಕೇಳಿಕೊಂಡಳು. “ಅಯ್ಯೋ, ಅದಕ್ಕೇನಂತೆ ಆಂಟಿ,” ಎಂದು ಕವನಾ ಅಲ್ಲೇ ಅಳಿಸಿಹಾಕಿದಳು. ಒಳ್ಳೆಯ ಹುಡುಗಿ. ಮಾರಿ ಅಕ್ಕನನ್ನು ಭೇಟಿ ಮಾಡಲಿಕ್ಕಾದರೂ ಇಲ್ಲಿಗೆ ಬರಬೇಕು ಎಂದು ಆಮೇಲೆ ಹೋಮ್‌ಸ್ಟೇಗೆ ಐದು ನಕ್ಷತ್ರ ಕೊಟ್ಟು ಬರೆದವಳೂ ಅವಳೇ.

ಅದನ್ನು ಓದಿದವರೆಲ್ಲ ಮುಂದಿನ ಚಳಿಗಾಲಕ್ಕೆ ಮಾರಿ ಅಕ್ಕ ಬೇಕೆಂದರು. ಕುಸುಮಾ ಲೈನಿನ ಗಂಗಮ್ಮನನ್ನು ಕರೆದಳು. ಕೆಂಪು ವಸ್ತ್ರ ಉಗ್ರಾಣದ ಮೊಳೆಯಲ್ಲೇ ಇತ್ತು.

“ಯಾರಾದ್ರೂ ಮಾರಿ ಅಕ್ಕ ಅಂದ್ರೆ ಹ್ಞೂಂ ಅನ್ನು, ಅಷ್ಟೇ,” ಎಂದು ಹೇಳಿಕೊಟ್ಟಳು.

ಡಿಸೆಂಬರಿನಲ್ಲಿ ಕವನಾಳ ಸಂಸಾರ ಮತ್ತೆ ಬಂತು. “ಮಾರಿ ಅಕ್ಕ, ಸ್ವಲ್ಪಾನೂ ಚೇಂಜ್ ಆಗಿಲ್ಲ ನೀವು,” ಎಂದು ಕವನಾ ಗಂಗಮ್ಮನ ಹೆಗಲ ಮೇಲೆ ಕೈ ಹಾಕಿದಳು. ಅಕ್ಷಿತ್ ಮಾತ್ರ ತಲೆ ಓರೆ ಮಾಡಿ ನೋಡಿದ.

“ಅಮ್ಮ, ಇವ್ರಲ್ಲ ಅನ್ಸುತ್ತೆ.”

“ಅವ್ರೇ ಕಣೋ. ಸ್ವಲ್ಪ ಸಣ್ಣ ಆಗಿದ್ದಾರೆ.”

ಅಮ್ಮ ಹೇಳಿದ ಮೇಲೆ ಹುಡುಗ ನಂಬಿದ. ಬ್ಯಾಗಿನಿಂದ ಒಂದು ಹೊಸ ಜಾಮಿಟ್ರಿ ಬಾಕ್ಸ್ ತೆಗೆದು ಗಂಗಮ್ಮನ ಕೈಗಿಟ್ಟ. ಅದರ ಮೇಲೆ ಕಾಗದ ಅಂಟಿಸಿ ‘ಚಿನ್ನಿ ಅಕ್ಕನಿಗೆ’ ಎಂದು ಬರೆದು ವರ್ಷವಿಡೀ ಇಟ್ಟುಕೊಂಡಿದ್ದ.

“ಚಿನ್ನಿ ಅಕ್ಕ ಪಾಸಾದ್ರಾ?”

ಗಂಗಮ್ಮನಿಗೆ ಮಕ್ಕಳೇ ಇರಲಿಲ್ಲ. ಅವಳು ಕುಸುಮಾಳ ಮುಖ ನೋಡಿದಳು. ಹಿಂದಿನ ವಾರವಷ್ಟೇ ಕುಸುಮಾ ಸೋಮವಾರಪೇಟೆ ಸಂತೆಯಲ್ಲಿ ಚಿನ್ನಿಯನ್ನು ಕಂಡಿದ್ದಳು. ಹುಡುಗಿಯ ಬೆರಳುಗಳು ಕಾಫಿ ಹಣ್ಣು ಬಿಡಿಸಿದ ಕಲೆಯಿಂದ ಕಪ್ಪಾಗಿದ್ದವು.

“ಪಾಸಾದ್ಳು ಪುಟ್ಟ,” ಎಂದಳು ಕುಸುಮಾ. “ಫಸ್ಟ್ ಕ್ಲಾಸು.”

ಅಕ್ಷಿತ್ ಖುಷಿಯಿಂದ ಚಪ್ಪಾಳೆ ತಟ್ಟಿದ. ಕವನಾ ಮೊಬೈಲ್ ಎತ್ತಿದಳು. ಬಾಕ್ಸ್ ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದ ಗಂಗಮ್ಮನಿಗೆ ಕುಸುಮಾ, ಕೊಂಬೆ ಸ್ವಲ್ಪ ಕೆಳಗೆ ಬಗ್ಗಿಸಿ ಹಿಡಿ, ಕೆಂಪು ಹಣ್ಣು ಕಾಣಬೇಕು, ನಗು ಎಂದಳು.