ಒರಿಜಿನಲ್ ಸರ್ಟಿಫಿಕೇಟು

ಹೇಮಲತಾಳ ಒರಿಜಿನಲ್ ಸರ್ಟಿಫಿಕೇಟುಗಳೆಲ್ಲ ಚಾಂದ್‌ಖೇಡಾದ ಶಾಲೆಯ ಕಬ್ಬಿಣದ ಕಪಾಟಿನಲ್ಲಿದ್ದವು. ಆ ಟ್ರಸ್ಟಿನ ಪದ್ಧತಿಯೇ ಹಾಗೆ. ಯಾರನ್ನಾದರೂ ಟ್ರೇನಿಂಗಿಗೆ ಕಳಿಸುವುದಿದ್ದರೆ ಮೊದಲು ಅವರ ಡಿಗ್ರಿ, ಮಾರ್ಕ್ಸ್ ಕಾರ್ಡುಗಳನ್ನು ತೆಗೆದಿಟ್ಟುಕೊಂಡು, ಮುಗಿಸಿ ಬಂದ ಮೇಲೆ ಐದು ವರ್ಷ ಇಲ್ಲೇ ಕಲಿಸುತ್ತೇನೆಂದು ಬರೆಸಿಕೊಳ್ಳುತ್ತಿದ್ದರು. ಹೇಮಲತಾ ಮರುಮಾತಿಲ್ಲದೆ ಕೊಟ್ಟಿದ್ದಳು. ಆಗ ಯಾರು ಏನು ಕೇಳಿದರೂ ಕೊಟ್ಟುಬಿಡುತ್ತಿದ್ದಳು.

ಗಂಡ ಹರಿಪ್ರಸಾದ ಅಲ್ಲಿಯ ತೈಲ ಕಂಪನಿಯಲ್ಲಿದ್ದ. ಒಂದು ಸಂಜೆ ಸ್ಕೂಟರಿನಲ್ಲಿ ಮನೆಗೆ ಹೊರಟವನು ಜೀವಂತ ಬರಲಿಲ್ಲ. ಅವಳು ಕ್ವಾರ್ಟರ್ಸ್ ಬಿಟ್ಟು, ವಸ್ತ್ರಾಪುರದ ಕೆರೆಯ ಹತ್ತಿರ ಪರಿಚಯದವರ ಮಹಡಿಯ ಮೇಲಿನ ಕೋಣೆಗೆ ಬಂದಳು. ಶಾಲೆಯ ಕೆಲಸ ಕೊಡಿಸಿದವರು ಹರಿಪ್ರಸಾದನ ತಂದೆ, ಮಾವ ವಾಸುದೇವ ಐತಾಳರು. ಕುಂದಾಪುರದ ಕಡೆಯವರಾದ ಅವರಿಗೆ ಸೂರತ್ತಿನ ಉಧ್ನಾದಲ್ಲಿ ಇಡ್ಲಿ ದೋಸೆಯ ಹೋಟೆಲು. ಪಕ್ಕದಲ್ಲೇ ಸೀರೆಗೆ ಬಣ್ಣ ಹಾಕುವ ಕಾರ್ಖಾನೆ ಇಟ್ಟಿದ್ದ ಜಯಂತಿಭಾಯಿ ಅಲ್ಲಿಯ ದಿನದ ಗಿರಾಕಿ. ಚಾಂದ್‌ಖೇಡಾ ಶಾಲೆಯ ಟ್ರಸ್ಟಿಯೂ ಅವರೇ.

ಮರುವರ್ಷ ಟ್ರಸ್ಟು ಅದೇ ಕಟ್ಟಡದಲ್ಲಿ ಮಧ್ಯಾಹ್ನದ ಹೊತ್ತು ಬಿ.ಎಸ್ಸಿ. ತರಗತಿ ತೆರೆಯಲು ಹೊರಟಿತು. ಪಾಠ ಮಾಡಲು ಹೈಸ್ಕೂಲಿನವರೇ ಸಾಕು ಎಂದಿತು. ಹಾಗಾದರೆ ಅವರು ಎರಡು ಬೇಸಿಗೆ ರಜೆ, ನಡುವಿನ ಶನಿವಾರಗಳು ವಡೋದರಾಕ್ಕೆ ಬಂದು ಎಂ.ಎಸ್ಸಿ. ಮುಗಿಸಲಿ ಎಂದಿತು ಯೂನಿವರ್ಸಿಟಿ. ರಸಾಯನಶಾಸ್ತ್ರಕ್ಕೆ ಹೇಮಲತಾಳ ಹೆಸರು ಹೋಯಿತು. ತನಗಿಂತ ಹಿರಿಯರು ಮೂವರಿದ್ದರೂ ತನ್ನನ್ನೇ ಆರಿಸಿದ್ದು ಪಾಠ ಚೆನ್ನಾಗಿದ್ದುದಕ್ಕೇ ಎಂದುಕೊಂಡಳು. ಆ ಎಣಿಕೆಯೊಂದನ್ನು ಹಿಡಿದುಕೊಂಡೇ ಬೆಳಿಗ್ಗೆ ಏಳುತ್ತಿದ್ದಳು, ರೈಲು ಹತ್ತುತ್ತಿದ್ದಳು.

ವಡೋದರಾದಲ್ಲಿ ಓದುವುದರ ಜೊತೆಗೆ ಅಲ್ಲಿಯ ಬಿ.ಎಸ್ಸಿ. ಕ್ಲಾಸಿಗೆ ಪಾಠ ಮಾಡಿಯೂ ತೋರಿಸಬೇಕಿತ್ತು. ಮೊದಲ ಪಾಠಕ್ಕೇ ಮುಖಭಂಗವಾಯಿತು. ಪ್ರೊಫೆಸರ್ ಇಂದಿರಾಬೆನ್ ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಹೇಮಲತಾ ಶಾಲೆಯ ರೂಢಿಯಂತೆ ನೋಟ್ಸ್ ಹೇಳಿದಳು, ಎಲ್ಲಿ ಗೆರೆ ಎಳೆಯಬೇಕೆಂದೂ ಹೇಳಿದಳು. ಹುಡುಗಿಯೊಬ್ಬಳು ಎದ್ದು, ಈ ದ್ರಾವಣ ಬಿಸಿ ಮಾಡಿದರೆ ಬಣ್ಣ ಯಾಕೆ ಬದಲಾಗುತ್ತದೆ ಎಂದು ಕೇಳಿದಾಗ, ಅದು ಪೋರ್ಶನ್‌ನಲ್ಲಿಲ್ಲ, ಕೂತುಕೋ ಎಂದುಬಿಟ್ಟಳು. ಕ್ಲಾಸು ನಕ್ಕಿತು.

ಇಂದಿರಾಬೆನ್ ನಗಲಿಲ್ಲ. ಹೊರಗೆ ಕರೆದು, ಸಣ್ಣ ದನಿಯಲ್ಲಿ ಹೇಳಿದರು. "ನೀನು ಪ್ರಶ್ನೆಪತ್ರಿಕೆಗೆ ಪಾಠ ಮಾಡ್ತೀಯ. ಇಲ್ಲಿ ಗೊತ್ತಿಲ್ಲ ಅನ್ನಬಹುದು. ಗೊತ್ತಿಲ್ಲ, ನೋಡೋಣ ಅಂತ ಹೇಳೋದಕ್ಕೆ ಕಲಿ."

ಆ ಮಧ್ಯಾಹ್ನ ಹೇಮಲತಾ ಅದೇ ಹುಡುಗಿಯನ್ನು ಕರೆದುಕೊಂಡು ಲ್ಯಾಬಿಗೆ ಹೋದಳು. ಬರ್ನರ್ ಹಚ್ಚಿದಳು. ನಸುಗೆಂಪಿನ ದ್ರಾವಣ ಕಣ್ಣೆದುರೇ ನೀಲಿಗೆ ತಿರುಗಿತು, ಆರಿದಂತೆ ಮತ್ತೆ ಕೆಂಪಾಯಿತು. ಇಬ್ಬರೂ ಪುಸ್ತಕ ತೆಗೆದು ಕಾರಣ ಹುಡುಕುತ್ತ ಕೂತರು. ಊಟ ಮರೆತದ್ದು ನೆನಪಾದಾಗ ಅವಳಿಗೆ ಗಾಬರಿಯಾಯಿತು. ಗಂಡ ಹೋದಮೇಲೆ ಅವಳು ಹೊತ್ತು ಮರೆತದ್ದು ಅದೇ ಮೊದಲು.

ಎರಡನೆಯ ಬೇಸಿಗೆ ಮುಗಿಯುವಾಗ ಅವಳೇ ಎಲ್ಲರಿಗಿಂತ ಮೇಲಿದ್ದಳು. ಇಂದಿರಾಬೆನ್ ತಮ್ಮ ಕೈಕೆಳಗೆ ಪಿಎಚ್.ಡಿ. ಮಾಡುತ್ತೀಯಾ ಎಂದು ಕೇಳಿದರು. ಫೆಲೋಶಿಪ್ಪೂ ಇತ್ತು, ಹಾಸ್ಟೆಲೂ ಇತ್ತು. ತಿಂಗಳೊಳಗೆ ಒರಿಜಿನಲ್‌ಗಳನ್ನು ತಂದು ತೋರಿಸಬೇಕಿತ್ತು, ಅಷ್ಟೇ. ಹೇಮಲತಾ ಹೂಂ ಅನ್ನಲಿಲ್ಲ. ಆರಿಸಿ ಕಳಿಸಿದವರಿಗೆ ಕೈಕೊಡುವುದು ಹೇಗೆ?

ಹೊಸ ಕ್ಲಾಸಿನ ತಪಾಸಣೆಗೆಂದು ಇಂದಿರಾಬೆನ್ನೇ ಶಾಲೆಗೆ ಬಂದರು. ಚಹಾದ ಹೊತ್ತಿಗೆ ಪ್ರಿನ್ಸಿಪಾಲ್ ರಮಣಿಕ್‌ಭಾಯಿ ಖುಷಿಯಲ್ಲಿದ್ದರು. ನಿಮ್ಮ ಟೀಚರನ್ನು ಚೆನ್ನಾಗಿ ಆರಿಸಿದ್ದೀರಿ ಎಂದು ಇಂದಿರಾಬೆನ್ ಅಂದದ್ದೇ ತಡ, ಅವರ ಬಾಯಿ ಬಿಚ್ಚಿತು. ಹೇಮಲತಾ ಕರಿದ ಗಾಠಿಯಾ ತಿಂಡಿಯ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಯೋಚನೆ ಮಾಡಿಯೇ ಆರಿಸಿದ್ದು, ಮೇಡಂ. ಗಂಡಸರನ್ನು ಕಳಿಸಿದರೆ ಓದಿ ಬಂದು ಟ್ಯೂಷನ್ ಕ್ಲಾಸ್ ತೆರೀತಾರೆ. ಹೆಂಗಸರಿಗೆ ಇವತ್ತು ಗಂಡನ ಟ್ರಾನ್ಸ್‌ಫರ್, ನಾಳೆ ಬಾಣಂತನ. ನಮ್ಮ ಹೇಮಾಬೆನ್‌ಗೆ ಆ ತಾಪತ್ರಯ ಒಂದೂ ಇಲ್ಲ. ಎಲ್ಲೂ ಹೋಗೋ ಹಾಗಿಲ್ಲ ನೋಡಿ."

ಅದನ್ನು ಹೊಗಳಿಕೆಯೆಂದೇ ಹೇಳಿದರು. ನಗುತ್ತ ಅವಳ ಕೈಯಲ್ಲಿದ್ದ ತಟ್ಟೆಯಿಂದಲೇ ಒಂದು ಹಸಿಮೆಣಸಿನಕಾಯಿ ತೆಗೆದುಕೊಂಡರು. ಇಂದಿರಾಬೆನ್ ತಲೆ ತಗ್ಗಿಸಿ ಚಹಾ ಕುಡಿದರು.

ಮಾರನೆಯ ದಿನ ಹೇಮಲತಾ ಒರಿಜಿನಲ್‌ಗಳನ್ನು ಕೇಳಿದಳು. ರಮಣಿಕ್‌ಭಾಯಿಗೆ ಸಿಟ್ಟೇನೂ ಬರಲಿಲ್ಲ. ಬರೆದುಕೊಟ್ಟದ್ದನ್ನು ನೆನಪಿಸಿದರು, ಪಿಎಚ್.ಡಿ. ಎಲ್ಲ ಯಾರಿಗೆ ಬೇಕು ಎಂದರು, ಕನ್ನಡಕ ಒರೆಸಿದರು. ಕೊನೆಗೆ ಮಗುವಿಗೆ ಹೇಳುವಂತೆ ಕೇಳಿದರು: "ಇಲ್ಲಿ ಬಿಟ್ಟು ಎಲ್ಲಿಗೆ ಹೋಗ್ತೀರಿ, ಬೆನ್? ಯಾರಿದ್ದಾರೆ ನಿಮಗೆ?"

"ಮದುವೆ ಆಗ್ತಿದ್ದೀನಿ."

ಆ ಮಾತು ಎಲ್ಲಿಂದ ಬಂತೋ ಅವಳಿಗೇ ಗೊತ್ತಾಗಲಿಲ್ಲ. ಬಂದಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ರಮಣಿಕ್‌ಭಾಯಿ ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿ ಅವಳನ್ನು ಹೊಸದಾಗಿ ನೋಡಿದರು. ಇದು ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಓದುವ ಶಾಲೆ, ಟೀಚರೇ ಎರಡನೇ ಮದುವೆಯಾದರೆ ತಂದೆತಾಯಿಗಳು ಏನೆಂದಾರು ಎಂದರು. ಐದು ವರ್ಷದ ಮಾತು ಅಲ್ಲಿಗೇ ಸತ್ತಿತು. ಜಯಂತಿಭಾಯಿಗೆ ಫೋನು ಹೋಯಿತು. ಸೋಮವಾರ ಬಂದು ಒರಿಜಿನಲ್ ತೆಗೆದುಕೊಂಡು ಹೋಗಿ, ಅಲ್ಲಿಯವರೆಗೆ ಕ್ಲಾಸಿಗೆ ಬರುವುದು ಬೇಡ ಎಂಬ ಉತ್ತರ ಬಂತು.

ಭಾನುವಾರ ಬೆಳಗಿನ ಗಾಡಿಗೆ ಸೂರತ್ತಿನಿಂದ ಮಾವ ಬಂದಿಳಿದರು. ಯಾವಾಗ ಬಂದರೂ ಅತ್ತೆ ಕಮಲಮ್ಮ ಉಪ್ಪಿನಕಾಯಿಯ ಜಾಡಿ ಕಳಿಸುತ್ತಿದ್ದರು. ಈ ಸಲ ಕೈಯಲ್ಲಿ ಒಂದು ಖಾಲಿ ಚೀಲ ಮಾತ್ರ ಇತ್ತು. ಹೇಮಲತಾ ಕಾಫಿ ಕೊಟ್ಟು, ಬೈಗುಳಕ್ಕೆ ಮೈಯೆಲ್ಲ ಗಟ್ಟಿ ಮಾಡಿಕೊಂಡು ನಿಂತಳು.

"ಜಯಂತಿಭಾಯಿ ಹೇಳಿದ್ರು. ಹೌದಾ?"

"ಹೌದು, ಮಾವ."

ಅವರು ಲೋಟ ಕೆಳಗಿಟ್ಟು ದೊಡ್ಡದೊಂದು ಉಸಿರು ಬಿಟ್ಟರು.

"ಒಳ್ಳೇದಾಯ್ತು ಮಗಾ. ಯಾರು ಎಂತ ಅಂತ ನಾ ಕೇಳೂದಿಲ್ಲ. ನಿನ್ನತ್ತೆಗೆ ನಿದ್ರೆಯೇ ಇರ್ಲಿಲ್ಲ ಮಾರಾಯ್ತಿ, ನಮ್ಮ ಕೈಕಾಲು ಬಿದ್ದ ಮೇಲೆ ಇವಳು ಯಾರ ತಲೆ ಮೇಲೆ ಅಂತ. ಇನ್ನು ಆ ಚಿಂತೆ ಇಲ್ಲ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವರ ಮುಖದಲ್ಲಿದ್ದದ್ದು ನೆಮ್ಮದಿ. ಹೋಟೆಲಿನ ಗಲ್ಲಾ ಮುಚ್ಚಿ ಎದ್ದ ಹೊತ್ತಿನ ಮುಖ ಅದು.

ಆಮೇಲೆ ಅವರು ಗೋಡೆಯತ್ತ ನೋಡಿದರು. ಅಲ್ಲಿ ಹರಿಪ್ರಸಾದನ ಪಟ ಇತ್ತು. ಅವಳಲ್ಲಿದ್ದದ್ದು ಅದೊಂದೇ. ಮದುವೆಯ ಆಲ್ಬಮ್ಮು ಎಂದೋ ಸೂರತ್ತಿಗೆ ಹೋಗಿತ್ತು.

"ಅದನ್ನು ಕೊಟ್ಟುಬಿಡು. ಇನ್ನೊಬ್ಬನ ಮನೆ ಗೋಡೆಯಲ್ಲಿ ಅವ ಇರೂದು ಬೇಡ. ತಾಯಿ ಹತ್ರ ಇರ್ಲಿ."

ಹೇಮಲತಾ ಬಾಯಿ ತೆರೆದಳು. ಇನ್ನೊಬ್ಬ ಯಾರೂ ಇಲ್ಲ ಎಂದರೆ ಸಾಕಿತ್ತು. ಆದರೆ ಮಾವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆ ಜಯಂತಿಭಾಯಿ ಇಡ್ಲಿಯ ಮುಂದೆ ಕೂತ ಕೂಡಲೇ ಅದು ಅವರ ಕಿವಿ ಸೇರುತ್ತದೆ, ಶಾಲೆಯ ಬಾಗಿಲು ತೆರೆಯುವುದರೊಳಗೆ ರಮಣಿಕ್‌ಭಾಯಿಗೆ ಫೋನು ಬರುತ್ತದೆ, ಕಪಾಟಿಗೆ ಮತ್ತೆ ಬೀಗ ಬೀಳುತ್ತದೆ. ಅವಳು ಸ್ಟೂಲು ಹತ್ತಿ ಪಟ ಇಳಿಸಿ, ಸೆರಗಿನಿಂದ ಗಾಜು ಒರೆಸಿ ಕೊಟ್ಟಳು. ಚೀಲಕ್ಕೆ ಅದು ಸರಿಯಾಗಿ ಹಿಡಿಯಿತು. ಅಳತೆ ನೋಡಿಯೇ ತಂದಿದ್ದರು.

ಸೋಮವಾರ ರಮಣಿಕ್‌ಭಾಯಿ ಲಕೋಟೆಯನ್ನು ಕೊಟ್ಟರು. ಅವಳು ಅಲ್ಲೇ ನಿಂತು ಒಂದೊಂದನ್ನೇ ತೆಗೆದು ನೋಡಿಕೊಂಡಳು. ಕುತೂಹಲ ತಡೆಯಲಾರದೆ ಅವರು ಕೇಳಿದರು: "ಎಲ್ಲಿಯವರು?"

"ವಡೋದರಾ. ಯೂನಿವರ್ಸಿಟಿ."

"ಹಾಂ, ಅದೇ ಅಂದ್ಕೊಂಡೆ. ಟ್ರೇನಿಂಗಿಗೆ ಕಳಿಸಿದ್ದೇ ನಮ್ಮ ತಪ್ಪು. ಜನ ಒಳ್ಳೆಯವರಾ?"

"ಗೊತ್ತಿಲ್ಲ. ನೋಡ್ಬೇಕು."

ಹಾಸ್ಟೆಲಿನ ಕೋಣೆಯಲ್ಲಿ ಮಂಚದ ಮೇಲ್ಗಡೆ ಒಂದು ಮೊಳೆ ಇತ್ತು. ಮೊದಲ ದಿನ ಅವಳು ಅದನ್ನು ಖಾಲಿ ಬಿಟ್ಟಳು. ಮರುದಿನ ಲ್ಯಾಬಿನಿಂದ ಬಂದವಳು, ಬೇರೆ ಜಾಗ ಕಾಣದೆ, ಆ್ಯಸಿಡ್ಡಿನ ವಾಸನೆಯ ಏಪ್ರನ್ನನ್ನು ಅದಕ್ಕೇ ಸಿಕ್ಕಿಸಿದಳು.