ಮೇಸ್ತ್ರಿ ಮುಚ್ಚಿದ ತೂತು

ತೂತು ಕಂಡರೆ ಮೇಸ್ತ್ರಿಯ ಕೈ ಸುಮ್ಮನಿರುತ್ತಿರಲಿಲ್ಲ. ನಲವತ್ತು ವರ್ಷ ಕಂಡವರ ಗೋಡೆಗಳಿಗೆಲ್ಲ ಗಾರೆ ಬಳಿದ ಕೈ ಅದು. ಯಾರದೋ ಮನೆಗೆ ಮದುವೆಯ ಮಾತಿಗೆ ಹೋದರೂ ಮಾತನ್ನು ಅರ್ಧಕ್ಕೆ ಬಿಟ್ಟು, ಮೊಳೆ ಕಿತ್ತ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಿದ್ದರು. "ಇವರನ್ನ ಸ್ವರ್ಗಕ್ಕೆ ಕಳಿಸಿದ್ರೂ ಬಾಗಿಲ ಸಂದಿಗೆ ಒಂದು ಬಾಂಡ್ಲಿ ಸಿಮೆಂಟ್ ಕೇಳ್ತಾರೆ," ಎಂದು ಅವರ ಹೆಂಡತಿ ಹೇಳುವುದಿತ್ತು.

ಹಾಗಾಗಿ ಮಹಡಿಯ ಕೋಣೆಯ ಹೊರಗೋಡೆಯಲ್ಲಿ, ಸೂರಿನ ಕೆಳಗೆ, ಹೆಬ್ಬೆರಳು ತೂರುವಷ್ಟು ತೂತೊಂದಿದೆ ಎಂದು ಸೊಸೆ ಬಂದು ಹೇಳಿದಾಗ ಅವರಿಗೆ ಮೊದಲು ಆದದ್ದು ಅವಮಾನ. ಆ ಕೋಣೆಯನ್ನು ಮಗನ ಮದುವೆಗೆಂದು ಅವರೇ ಕಟ್ಟಿದ್ದರು. ಭಯ ಆಮೇಲೆ ಬಂತು. ಅಂಗಳಕ್ಕೆ ಬಂದು ನೋಡುತ್ತಿದ್ದಂತೆ ಆ ತೂತಿನೊಳಗೆ ಹಳದಿ ಪಟ್ಟೆಯ ಕಡಜವೊಂದು ತಲೆ ತಗ್ಗಿಸಿ ನುಗ್ಗಿತು. ಅದರ ಹಿಂದೆ ಇನ್ನೊಂದು, ಇನ್ನೊಂದರ ಹಿಂದೆ ಮತ್ತೊಂದು.

ಆ ಮನೆಯಲ್ಲಿ ಕಡಜವೆಂದರೆ ಬರಿಯ ಹುಳವಲ್ಲ. ಹಿಂದಿನ ವರ್ಷ ಬಟ್ಟೆ ಒಣಹಾಕುವಾಗ ಸೊಸೆಯ ಕುತ್ತಿಗೆಗೆ ಒಂದೇ ಒಂದು ಕಡಜ ಕುಟುಕಿತ್ತು. ಬಕೆಟ್ಟು ಕೆಳಗಿಡುವಷ್ಟರಲ್ಲಿ ಅವಳ ತುಟಿ ಊದಿತು, ಕಣ್ಣು ಮುಚ್ಚಿತು, ಗಂಟಲು ಕಟ್ಟಿತು. ಆಸ್ಪತ್ರೆಯ ಬಾಗಿಲಿಗೆ ಬರುವಾಗ ಉಸಿರು ಸಿಳ್ಳೆಯ ಹಾಗೆ ಎಳೆಯುತ್ತಿತ್ತು. ಬದುಕಿಸಿದ ಡಾಕ್ಟರು ಮನೆಯವರನ್ನೆಲ್ಲ ನಿಲ್ಲಿಸಿ ಹೇಳಿದ್ದರು: "ಎರಡನೇ ಸಲ ಹೀಗಾಗಬಾರದು. ಆಗಿಬಿಟ್ರೆ ಇಲ್ಲಿವರೆಗೆ ಬರೋಷ್ಟು ಹೊತ್ತು ಸಿಗುತ್ತೆ ಅಂತ ನಾನು ಹೇಳಲಾರೆ." ಅವರು ಕೊಟ್ಟ ಸೂಜಿಮದ್ದು ಅಡುಗೆಮನೆಯ ಕಪಾಟಿನಲ್ಲಿ ಕೆಂಪು ಡಬ್ಬಿಯೊಳಗೆ ಇತ್ತು. ಅತ್ತೆ ದಿನಕ್ಕೊಮ್ಮೆ ಆ ಡಬ್ಬಿಯನ್ನು ಮುಟ್ಟಿ ನೋಡಿ ದೇವರಿಗೆ ಕೈಮುಗಿಯುತ್ತಿದ್ದರು.

ಗೂಡಕ್ಕನಿಗೆ ಹೇಳಿಕಳಿಸಿದರು. ಕಡಜ, ಜೇನು, ಗೆದ್ದಲು, ಏನು ಕಟ್ಟಿದರೂ ಬಿಡಿಸುವುದು ಅವಳ ಕಸುಬು. ನಿಜವಾದ ಹೆಸರು ಯಾರಿಗೂ ನೆನಪಿಲ್ಲದಷ್ಟು ಕಾಲದಿಂದ ಅದೇ ಮಾಡುತ್ತಿದ್ದಳು. ಅಂಗಳದಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು ತೂತನ್ನೇ ನೋಡಿದಳು.

"ಒಳಗೆ ದೊಡ್ಡ ಸಂಸಾರ ಇದೆ," ಎಂದಳು. "ಸೂರಿಗೂ ನಿಮ್ಮ ಒಳಸೀಲಿಂಗಿಗೂ ನಡುವೆ ಜಾಗ ಎಷ್ಟಿದೆ, ಮೇಸ್ತ್ರಿ?"

"ಒಂದು ಮೊಳ."

"ಅದೆಲ್ಲ ಅವುಕ್ಕೇ ಅಂದ್ಕೊಳ್ಳಿ. ನಾಳಿದ್ದು ಸಂಜೆ ಬರ್ತೀನಿ, ಎಲ್ಲ ಮನೆ ಸೇರಿದ ಮೇಲೆ. ತೂತಿನ ಬಾಯಿಗೆ ವಿಷದ ಪುಡಿ ಊದಿದ್ರೆ ಅವೇ ಕಾಲಲ್ಲಿ ಒಳಗೆ ಹೊತ್ಕೊಂಡು ಹೋಗ್ತಾವೆ. ಅಲ್ಲಿವರೆಗೆ ಆ ಕೋಣೆ ಕಿಟಕಿ ತೆಗೀಬೇಡಿ, ಇವಳು ಕೆಳಗೆ ಮಲಗಲಿ. ಮತ್ತೆ, ಆ ತೂತು ಮಾತ್ರ ಮುಚ್ಚಬೇಡಿ. ಮುಚ್ಚಿದ್ರೆ ಅವು ಬೇರೆ ದಾರಿ ಅಗೀತಾವೆ."

ಮೇಸ್ತ್ರಿ ನಕ್ಕರು. "ನನ್ನ ಗಾರೆ ಅಗಿಯೋ ಹಲ್ಲು ಇನ್ನೂ ಹುಟ್ಟಿಲ್ಲಮ್ಮ."

"ಹಲ್ಲಿನ ವಿಷಯ ನಂಗೆ ಬಿಡಿ," ಎಂದು ಗೂಡಕ್ಕ ಸೈಕಲ್ ಹತ್ತಿದಳು.

ಎರಡು ದಿನ ಕಾಯಬೇಕು ಎಂಬ ಮಾತು ಮೇಸ್ತ್ರಿಗೆ ಊಟದಲ್ಲಿ ಸಿಕ್ಕ ಕಲ್ಲಾಯಿತು. ಹೊಸಿಲಾಚೆ ಸಾವು ಕೂತಿದೆ, ಅದರ ಬಾಗಿಲು ತೆರೆದಿಟ್ಟು ಮಲಗಿ ಎಂದರೆ ಹೇಗೆ? ಅಂದು ಸಂಜೆ ಬೆಳಕು ಕರಗಿ, ಕೊನೆಯ ಹುಳವೂ ಒಳಗೆ ಸೇರಿತೆಂದು ಅನಿಸಿದ ಮೇಲೆ, ಅವರು ಏಣಿ ಹಾಕಿದರು.

"ಬೇಡ ಅಂದಿದ್ರಲ್ಲ ಮಾವ," ಎಂದು ಸೊಸೆ ಬಾಗಿಲೊಳಗಿಂದ ಹೇಳಿದಳು.

"ಅವಳು ಬೇಡ ಅನ್ನೋದು ಅವಳ ಕಸುಬಿಗೆ. ಕಲಸಿದ ಗಾರೆ ಕಾಯ್ತಾ ಇರಬಾರದು, ಅದು ನನ್ನ ಕಸುಬು. ನೀನು ಒಳಗಿರಮ್ಮ."

ಅರ್ಧ ನಿಮಿಷದ ಕೆಲಸ. ಕರಣೆಯ ತುದಿಯಿಂದ ಒಂದು ಮುದ್ದೆ ಒತ್ತಿದರು, ಅದರ ಮೇಲೆ ಒಂದು ಪದರ, ಮೇಲೊಂದು ನಯ. ಬೆಳಗ್ಗೆ ಎದ್ದು ನೋಡಿದರೆ ಅಲ್ಲಿ ತೂತಿತ್ತು ಎಂದು ಆಣೆ ಮಾಡಿ ಹೇಳಿದರೂ ನಂಬುವ ಹಾಗಿರಲಿಲ್ಲ. ಹೊರಗೇ ಉಳಿದಿದ್ದ ನಾಲ್ಕಾರು ಕಡಜಗಳು ಗೋಡೆಯನ್ನು ತಡವಿ ತಡವಿ ಮಧ್ಯಾಹ್ನದ ಹೊತ್ತಿಗೆ ಎಲ್ಲಿಗೋ ಹೋದವು. ಮೇಸ್ತ್ರಿ ಗೂಡಕ್ಕನಿಗೆ ಫೋನ್ ಮಾಡಿ, "ಬರೋದು ಬೇಡ, ಕೆಲಸ ಮುಗೀತು," ಎಂದರು. ಆ ಕಡೆಯಿಂದ "ಹೇಗೆ ಮುಗೀತು?" ಎಂಬ ಪ್ರಶ್ನೆ ಬರುವಷ್ಟರಲ್ಲಿ ಇಟ್ಟೂ ಬಿಟ್ಟರು. ಸೊಸೆ ತನ್ನ ಹಾಸಿಗೆಯನ್ನು ಮತ್ತೆ ಮಹಡಿಗೆ ಒಯ್ದಳು.

ಅತ್ತೆಗೆ ದಿನಾ ಮಧ್ಯಾಹ್ನ ಪದ್ಯ ಓದುವ ರೂಢಿ. ಅವರಪ್ಪನಿಂದ ಬಂದ ಹಳೆಯ ಪುಸ್ತಕ. ಸಾಲನ್ನು ಎಳೆದು, ಅರ್ಧದಲ್ಲಿ ಉಸಿರು ನಿಲ್ಲಿಸಿ, ಮತ್ತೆ ಎತ್ತಿಕೊಳ್ಳುವ ಓದು. ಸೊಸೆ ಬಟ್ಟೆ ಮಡಚುತ್ತಾ ಕೇಳುತ್ತಿದ್ದಳು. ಮೇಸ್ತ್ರಿಗೆ ಕಲ್ಲು ಕತ್ತರಿಸುವ ಯಂತ್ರದ ಪಕ್ಕ ನಿಂತು ನಿಂತು ಕಿವಿ ಮಂದ. ಅವರು ಸುಮ್ಮನೆ ಹೆಂಡತಿಯ ತುಟಿ ನೋಡಿ ತಲೆದೂಗುತ್ತಿದ್ದರು. ಮೂರನೆಯ ದಿನ ಮಹಡಿ ಹತ್ತಿ ಬಂದ ಅತ್ತೆ, ಮತ್ತೆ ಇಳಿಯಲು ಮೊಣಕಾಲು ನೋವೆಂದು, ಆ ಕೋಣೆಯಲ್ಲೇ ಕೂತು ಓದುತ್ತಿದ್ದರು. ಸಾಲು ಅರ್ಧಕ್ಕೆ ಬಂದು ಉಸಿರು ನಿಂತಿತು. ಆ ನಿಲುಗಡೆಯೊಳಗೆ ಸೊಸೆಗೆ ಒಂದು ಸದ್ದು ಕೇಳಿತು.

ಒಣ ಎಲೆಯನ್ನು ಯಾರೋ ಬೆರಳ ನಡುವೆ ಪುಡಿ ಮಾಡುತ್ತಿರುವ ಹಾಗೆ. ತಲೆಯ ಮೇಲೆ.

ಪದ್ಯ ಮುಂದೆ ಸಾಗಿತು, ಸದ್ದು ಅದರಡಿ ಮುಳುಗಿತು. ಮತ್ತೆ ನಿಂತಾಗ ಮತ್ತೆ ಎದ್ದಿತು.

"ಅತ್ತೆ, ಒಂದು ಕ್ಷಣ ಓದಬೇಡಿ."

ಇಬ್ಬರೂ ಮೇಲೆ ನೋಡಿದರು. ಬಿಳಿಯ ಸೀಲಿಂಗು ಬಿಳಿಯಾಗಿಯೇ ಇತ್ತು.

ಮೇಸ್ತ್ರಿಗೆ ಹೇಳಿದಾಗ ಅವರು ಬಂದು, ಕುತ್ತಿಗೆ ಎತ್ತಿ, ಬಾಯಿ ಸ್ವಲ್ಪ ತೆರೆದು ಆಲಿಸಿದರು. "ಏನೂ ಇಲ್ಲ."

"ನಿಮಗೆ ಗುಡುಗು ಬಂದ್ರೂ ಏನೂ ಇಲ್ಲ," ಎಂದರು ಅತ್ತೆ.

"ಇದ್ರೂ ಸಾಯೋ ಸದ್ದು ಅದು. ಅನ್ನ ನೀರು ಇಲ್ಲದೆ ಎಷ್ಟು ದಿನ ಇರ್ತಾವೆ? ನೋಡ್ಕೊಂಡು ಬಂದಿದೀನಿ, ಹೊರಗಿನ ಗಾರೆಗೆ ಒಂದು ಗೀರು ಬಿದ್ದಿಲ್ಲ."

ಅದು ನಿಜವಾಗಿತ್ತು. ಗಾರೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಸೊಸೆ ಮಡಚಿದ ಬಟ್ಟೆ ಎತ್ತಿಕೊಂಡು ಕೆಳಗಿಳಿದಳು. ಇನ್ನೂ ಹೇಳಿದರೆ ಮಾವನ ಕೈಯನ್ನೇ ಅಲ್ಲಗಳೆದ ಹಾಗಾಗುತ್ತದೆ. ಅತ್ತೆ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದರು: "ರಾತ್ರಿ ನನ್ನ ಮೊಣಕಾಲಿಗೆ ಎಣ್ಣೆ ಹಚ್ಚೋಕೆ ಜನ ಬೇಕು ಅಂತೀನಿ. ಕೆಳಗೇ ಮಲಕ್ಕೋ. ಅವರಿಗೂ ನೋವಾಗಲ್ಲ, ನನಗೂ ಎಣ್ಣೆ ಸಿಗುತ್ತೆ." ಮಗ ದೂರದ ಬಸ್ಸಿನ ಡ್ರೈವರು, ಹದಿನೈದು ದಿನಕ್ಕೊಮ್ಮೆ ಮನೆ ಕಾಣುವವನು, ಅವನಿಗೆ ಫೋನಿನಲ್ಲಿ ಯಾರೂ ಏನೂ ಹೇಳಲಿಲ್ಲ.

ಐದನೆಯ ದಿನ ಸೀಲಿಂಗಿನ ಮೇಲೆ ಕಲೆ ಕಂಡಿತು. ಮೊದಲು ಹುಣಿಸೆ ಬೀಜದಷ್ಟು, ಊಟದ ಹೊತ್ತಿಗೆ ಅಂಗೈಯಷ್ಟು. ಅಂಚು ಹಳದಿ, ನಡುವೆ ಕಂದು. ಕೆಳಗಿನಿಂದ ನೋಡಿದ ಮೇಸ್ತ್ರಿಯ ಮುಖದಲ್ಲಿ ಎರಡು ದಿನದಿಂದ ಇಲ್ಲದಿದ್ದ ನೆಮ್ಮದಿ ಬಂತು. ಹುಳದ ವಿಷಯ ಅವರಿಗೆ ಗೊತ್ತಿರಲಿಲ್ಲ, ಕಲೆಯ ವಿಷಯ ಗೊತ್ತಿತ್ತು.

"ತೇವ," ಎಂದರು. "ಸೂರಿನ ಹಂಚು ಎಲ್ಲೋ ಜರುಗಿದೆ, ನೀರಿಳಿದಿದೆ. ಕೆರೆದು, ಒಣಗಿಸಿ, ಒಂದು ಕೈ ಬಣ್ಣ ಎಳೆದ್ರೆ ಆಯ್ತು. ಸ್ಟೂಲು ತಾ. ಒಂದು ಕಾಲು ಕುಂಟು, ಹಿಡ್ಕೋಬೇಕು."

ಹೋಗಬಾರದು ಎಂದು ಸೊಸೆಯ ಒಳಗೆ ಏನೋ ಹೇಳಿತು. ಆದರೆ ಅರವತ್ತೈದರ ಮುದುಕ ಕುಂಟು ಸ್ಟೂಲಿನ ಮೇಲೆ ನಿಂತಿದ್ದಾರೆ. ಅವಳು ಬಂದು ಎರಡೂ ಕೈಯಿಂದ ಸ್ಟೂಲು ಹಿಡಿದಳು.

ಮೇಸ್ತ್ರಿ ಬಲಗೈಯಲ್ಲಿ ಕೆರೆಯುವ ಪಟ್ಟಿ ಹಿಡಿದು, ಮೊದಲು ಎಡಗೈಯನ್ನು ಕಲೆಯ ಮೇಲಿಟ್ಟರು. ಗೋಡೆಯನ್ನು ಕೆರೆಯುವ ಮುಂಚೆ ಮುಟ್ಟಿ ಕೇಳಬೇಕು ಎಂಬುದು ಅವರ ಪಾಠ.

ತೇವ ತಣ್ಣಗಿರುತ್ತದೆ. ಇದು ಬೆಚ್ಚಗಿತ್ತು. ಮಗುವಿನ ನೆತ್ತಿಯ ಹಾಗೆ ಬೆಚ್ಚಗಿತ್ತು, ಹಾಗೆಯೇ ಮಿಡಿಯುತ್ತಿತ್ತು. ಕಿವಿಗೆ ಐದು ದಿನ ಕೇಳದ್ದು ಅಂಗೈಗೆ ಒಂದೇ ಸಲಕ್ಕೆ ಕೇಳಿತು. ಮೇಲಿನ ಜಿಪ್ಸಂ ಹಲಗೆಯನ್ನೆಲ್ಲ ಅವು ಅಗಿದು ಮುಗಿಸಿದ್ದವು. ಉಳಿದದ್ದು ಅವರೇ ಬಳಿದ ಬಣ್ಣದ ಒಂದು ಪದರ.

ಕೈ ತೆಗೆಯಬೇಕೆನ್ನುವಷ್ಟರಲ್ಲಿ ಹೆಬ್ಬೆರಳು ಒಳಗೆ ಹೋಯಿತು. ಬೆರಳ ಪಕ್ಕದಿಂದ ಒಂದು ಕಡಜ ಹೊರಬಿದ್ದು ಬಲ್ಬಿನ ಸುತ್ತ ಒಂದು ಸುತ್ತು ಹಾಕಿತು. ಮೇಸ್ತ್ರಿ ಬೆರಳು ಎಳೆದು, ಇಡೀ ಅಂಗೈಯನ್ನು ತೂತಿನ ಮೇಲೆ ಒತ್ತಿ ಹಿಡಿದರು.

"ಅಮ್ಮ," ಎಂದರು, ಬಹಳ ಮೆತ್ತಗೆ. "ಸ್ಟೂಲು ಬಿಡು. ಓಡಬೇಡ. ನಡೆದು ಹೋಗು."

"ಬಿಟ್ರೆ ನೀವು ಬೀಳ್ತೀರ ಮಾವ."

"ಬಿದ್ರೆ ಕೈ ಬಿಡುತ್ತೆ. ಅದಕ್ಕೇ ಬೀಳಲ್ಲ. ಹೋಗು."

ಅವಳು ಅವರ ಹೆಗಲಿನಿಂದ ಜಾರಿ ಬಿದ್ದಿದ್ದ ಟವೆಲನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ, ಕುಂಟು ಕಾಲಿನಡಿ ತೂರಿಸಿದಳು. ಸ್ಟೂಲು ನಿಂತಿತು. ಎದ್ದು ತಿರುಗಿದಾಗ ಆ ಒಂದು ಕಡಜ ಬಾಗಿಲ ಚಿಲಕದ ಮೇಲೆ ಕೂತಿತ್ತು.

ಅವಳು ನಿಂತಳು. ಕಡಜ ಚಿಲಕದ ಉದ್ದಕ್ಕೂ ನಡೆಯಿತು, ಹಿಂದಿರುಗಿತು, ಮೀಸೆ ಒರೆಸಿಕೊಂಡಿತು. ಹಿಂದೆ ಮಾವನ ಉಸಿರು ಒಮ್ಮೆ ಕಚ್ಚಿಕೊಂಡಿತು, ಇನ್ನೊಮ್ಮೆ, ಮತ್ತೊಮ್ಮೆ. ಒಂದೊಂದೂ ಒಂದೊಂದು ಕುಟುಕು. ಅವರು ಕೂಗಲಿಲ್ಲ. ಕೂಗಿದರೆ ಅವಳು ತಿರುಗಿ ನೋಡುತ್ತಾಳೆಂದು ಅವರಿಗೆ ಗೊತ್ತಿತ್ತು. ಅವಳು ಚಿಲಕದಿಂದ ಕಣ್ಣು ತೆಗೆಯದೆ ಸೆರಗನ್ನು ಮೆಲ್ಲಗೆ ಕುತ್ತಿಗೆಗೆ ಸುತ್ತಿಕೊಂಡಳು. ಕೊನೆಗೆ ಕಿಟಕಿಯ ಗಾಜಿನ ಬೆಳಕು ಕಡಜವನ್ನು ಕರೆಯಿತು. ಅದು ಹಾರಿತು. ಅವಳು ಚಿಲಕ ತೆಗೆದು, ಹೊರಗೆ ಬಂದು, ಬಾಗಿಲೆಳೆದು, ಸಂದಿಗೆ ಅಲ್ಲೇ ಬಿದ್ದಿದ್ದ ನೆಲ ಒರೆಸುವ ಬಟ್ಟೆ ತುರುಕಿದಳು. ಮೆಟ್ಟಿಲ ಮೇಲೆ ಅತ್ತೆ ಕೆಂಪು ಡಬ್ಬಿ ಹಿಡಿದು ನಿಂತಿದ್ದರು.

"ನಿನಗೆ?"

"ಇಲ್ಲ. ಮಾವನಿಗೆ. ಕೈ ತೆಗೆದಿಲ್ಲ ಅವರು."

ಗೂಡಕ್ಕನಿಗೆ ಫೋನ್ ಹೋಯಿತು. ಅವಳು ಕೇಳಿದ್ದು ಒಂದೇ: "ಮುಚ್ಚಿದ್ರಾ?" ಉತ್ತರಕ್ಕೆ ಕಾಯದೆ, "ಕೈ ತೆಗೀಬೇಡಿ ಅನ್ನಿ. ಬಂದೆ," ಎಂದಳು.

ಅವಳು ಬರಲು ಇಪ್ಪತ್ತು ನಿಮಿಷ. ಅತ್ತೆ ಬಾಗಿಲಿಗೆ ಬಾಯಿಟ್ಟು, ಮಂದ ಕಿವಿಗೂ ಮುಟ್ಟುವ ಹಾಗೆ, ಪದ್ಯದ ಅರ್ಧ ಸಾಲನ್ನು ಎತ್ತಿ ಹೇಳಿದರು. ಒಳಗಿನಿಂದ ಉಳಿದರ್ಧ ಬಂತು, ಒಡೆದ ದನಿಯಲ್ಲಿ. ಮೂವತ್ತೆಂಟು ವರ್ಷ ತುಟಿ ನೋಡಿ ತಲೆದೂಗಿದ್ದೆಲ್ಲ ಅವರಿಗೆ ಬಾಯಿಪಾಠವಾಗಿತ್ತು ಎಂದು ಅತ್ತೆಗೆ ಅಂದೇ ತಿಳಿದದ್ದು. ಇನ್ನೊಂದು ಅರ್ಧ ಹೇಳಿದರು, ಉಳಿದರ್ಧ ಬಂತು. ಹೀಗೆ ಒಂದು ಪುಟ. ಆಮೇಲೆ ಒಂದು ಸಾಲಿಗೆ ಉತ್ತರ ಬರಲಿಲ್ಲ. ಅತ್ತೆ ಅದೇ ಅರ್ಧವನ್ನು ಮತ್ತೆ ಹೇಳಿದರು. ಮತ್ತೂ ಹೇಳಿದರು. ಸೊಸೆ ಬಾಗಿಲಿಗೆ ಕಿವಿಯಿಟ್ಟಳು. ಎಲೆ ಪುಡಿಯಾಗುವ ಸದ್ದು, ಅದರ ಹಿಂದೆ ಮೂಗಿನಲ್ಲಿ ಎಳೆವ ಉಸಿರು, ಬಹಳ ತಡವಾಗಿ ಎರಡು ಪದ.

"ಹೇಳ್ತಿದಾರೆ," ಎಂದಳು. "ಹೇಳ್ತಿದಾರೆ ಅತ್ತೆ, ಬಿಡಬೇಡಿ."

ಗೂಡಕ್ಕ ತಲೆಯಿಂದ ಕಾಲಿನವರೆಗೆ ಬಿಳಿಯ ಬಟ್ಟೆ, ಮುಖಕ್ಕೆ ಜಾಲರಿ ಹಾಕಿಕೊಂಡೇ ಮೆಟ್ಟಿಲು ಹತ್ತಿದಳು. ಒಳಗೆ ಹೋಗಿ, ಮೇಸ್ತ್ರಿಯ ಕೈಯ ಪಕ್ಕಕ್ಕೆ ತಗಡಿನ ಹಾಳೆಯೊಂದನ್ನು ಸರಿಸಿ, ಬೆರಳು ಬೆರಳಾಗಿ ಬಿಡಿಸಿ, ಅಂಚಿಗೆ ಅಂಟುಪಟ್ಟಿ ಒತ್ತಿದಳು. ಕಿಟಕಿಯಲ್ಲಿದ್ದ ಆ ಒಂದು ಕಡಜವನ್ನು ಮುಗಿಸಿದಳು. ಹೊರಗೆ ಬಂದ ಮೇಸ್ತ್ರಿಯ ಅಂಗೈ ಹಿಟ್ಟಿನ ಮುದ್ದೆಯಾಗಿತ್ತು, ಬೆರಳುಗಳ ನಡುವೆ ಸಂದಿಯೇ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಹದಿನೇಳು ಕುಟುಕು ಎಣಿಸಿದರು; ಅವರ ಮೈ ತಡೆದುಕೊಂಡಿತು. ಸಂಜೆ ಅವರು ಮನೆಗೆ ಬಂದ ಮೇಲೆ ಗೂಡಕ್ಕ ಏಣಿ ಹತ್ತಿ ಹೊರಗಿನ ಗಾರೆ ಒಡೆಯಲು ಉಳಿ ಎತ್ತಿದಳು. ಎಂಟು ಏಟು ಬೇಕಾಯಿತು. "ಕೈ ಗಟ್ಟಿಯೇ ಇತ್ತು, ಮೇಸ್ತ್ರಿ," ಎಂದಳು. ಅವರು ಅದಕ್ಕೆ ನಗಲಿಲ್ಲ.

ಪುಡಿ ಊದಿ ಎರಡು ದಿನ ಬಿಟ್ಟು ಗೂಡನ್ನು ಇಳಿಸಿದಳು. ನೀರಿನ ಹಂಡೆಯಷ್ಟು ದೊಡ್ಡದು, ಕಾಗದದಂಥ ಪದರ, ಬೂದು ಪದರಗಳ ನಡುವೆ ಅಲ್ಲಲ್ಲಿ ಬಿಳಿ ಗೆರೆ. ಅದು ಸೀಲಿಂಗಿಗೆ ಮೇಸ್ತ್ರಿ ಹಾಕಿದ್ದ ಜಿಪ್ಸಂ ಹಲಗೆಯ ಹೊದಿಕೆ ಕಾಗದ. "ಒಂದು ವಾರ ತೂತು ಹಾಗೇ ಇರಲಿ, ಒಳಗೆ ಉಳಿದವು ಇದ್ರೆ ಹೊರಗೆ ಬರಲಿ," ಎಂದು ಹೇಳಿ ಹೋದಳು.

ವಾರ ಕಳೆದು ಮಗ ಬಂದ. ಅಪ್ಪನ ಕೈ ಇನ್ನೂ ಕರಣೆ ಹಿಡಿಯುವಂತಿರಲಿಲ್ಲ. ಮಗ ತಾನೇ ಬಕೆಟ್ಟಿನಲ್ಲಿ ಸಿಮೆಂಟು ಕಲಸಿ, ಏಣಿಯ ಬುಡದಲ್ಲಿ ನಿಂತು, "ಮುಚ್ಚಿಬಿಡ್ಲಾ ಅಪ್ಪ?" ಎಂದ.

ಮೇಸ್ತ್ರಿ ತೂತನ್ನು ನೋಡಿದರು. ಸುತ್ತಿದ ಬಟ್ಟೆಯೊಳಗೆ ಕೈ ಅಲುಗಿತು.

"ನನ್ನ ಕೇಳಬೇಡ. ಅವಳನ್ನ ಕೇಳು."

ಸೊಸೆ ಮಹಡಿಗೆ ಹೋಗಿ ಗೋಡೆಗೆ ಕಿವಿಯಿಟ್ಟಳು. ಕೆಳಗೆ ಅತ್ತೆ ಓದುತ್ತಿದ್ದರು. ಸಾಲು ಬಂತು, ಅರ್ಧಕ್ಕೆ ಬಂತು, ಉಸಿರು ನಿಂತಿತು. ಅವಳು ಕಣ್ಣು ಮುಚ್ಚಿದಳು. ಒಳಗೆಲ್ಲೋ ಒಣ ಎಲೆಯೊಂದು, ಬಹಳ ಸಣ್ಣಗೆ, ಪುಡಿಯಾಯಿತು. ಬಹಳ ಹೊತ್ತಿನ ಮೇಲೆ ಕೆಳಗಿಳಿದು ಅಂಗಳದಲ್ಲಿ ನಿಂತ ಇಬ್ಬರನ್ನೂ ನೋಡಿದಳು.

"ಇನ್ನೂ ಮುಚ್ಚಬೇಡಿ," ಎಂದಳು.

ಮೇಸ್ತ್ರಿ ಗೂಡಕ್ಕನ ನಂಬರು ಹಚ್ಚಲು ಮಗನಿಗೆ ಹೇಳಿ, ಅಂಗಳದ ಕಟ್ಟೆಯ ಮೇಲೆ ಕೂತರು. ಕಲಸಿದ ಗಾರೆ ಅವರ ಕಣ್ಣೆದುರೇ ಬಕೆಟ್ಟಿನಲ್ಲಿ ಗಟ್ಟಿಯಾಗುತ್ತಾ ಬಂತು.