ಕಾಸಿಲ್ದಾಳ ಮೂಳೆಸೂಜಿ

ಮೂರು ತಿಂಗಳಿಂದ ಕಾಸಿಲ್ದಾಳ ಮೂಗು ಸತ್ತುಹೋಗಿತ್ತು. ಫೆಬ್ರವರಿಯಲ್ಲಿ ಬಂದ ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು, ಬಿಡುವಾಗ ವಾಸನೆಯನ್ನೂ ಗಂಟುಕಟ್ಟಿಕೊಂಡು ಹೋಯಿತು. ಬೇರೆಯವರ ಮೂಗಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಸ್ಪೇನಿನ ಅರಾಸೇನಾ ಬೆಟ್ಟದ ಆ ಊರು ಹಂದಿತೊಡೆಯ ವಿಷಯದಲ್ಲಿ ನಂಬಿದ್ದು ಅದೊಂದೇ ಮೂಗನ್ನು.

ಉಪ್ಪಿನಲ್ಲಿ ಹೂತು, ಆಮೇಲೆ ನೆಲಮಾಳಿಗೆಯಲ್ಲಿ ಮೂರು ವರ್ಷ ತೂಗುಹಾಕಿ ಬೇಯಿಸದೆಯೇ ತಿನ್ನುವ ಈ ತೊಡೆಗಳು ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ಕೊಳೆತರೆ ಒಳಗೆ, ಮೂಳೆಯ ಬುಡದಲ್ಲಿ. ಅಪ್ಪ ಬಿಟ್ಟುಹೋದ, ದನದ ಮೂಳೆಯನ್ನು ಚೂಪಾಗಿ ಕೆತ್ತಿದ ಮೂಳೆಸೂಜಿಯನ್ನು ಅಲ್ಲಿಗೆ ಚುಚ್ಚಿ, ಸರಕ್ಕನೆ ಎಳೆದು ಮೂಗಿಗೆ ಹಿಡಿದು, ತೂತಿಗೆ ಕೊಬ್ಬು ಮೆತ್ತಿ ಕಾಸಿಲ್ದಾ "ಹ್ಞೂಂ" ಅಂದರೆ ಮುಗಿಯಿತು. ಆ ಊರಿನವರು ಪಾದ್ರಿಗೆ ಬೇಕಾದರೆ ಎದುರಾಡಿಯಾರು, ಅವಳಿಗೆ ಎದುರಾಡುತ್ತಿರಲಿಲ್ಲ.

"ಅತ್ತೆ, ಎರಡು ಗಂಟೆಗೆ ಬಸ್ಸು ಬರತ್ತೆ. ಸೆವಿಯ್ಯಾ ಪಟ್ಟಣದಿಂದ ಇಪ್ಪತ್ತೆರಡು ಜನ!" ಅಣ್ಣನ ಮಗಳು ಓಲಾಯಾ ಏಪ್ರನ್ನಿಗೆ ಕೈ ಒರೆಸಿ ಒರೆಸಿ ಅದನ್ನು ಹರಿಯುವಂತೆ ಮಾಡಿದ್ದಳು. ಅವಳು ಹೊಸದಾಗಿ ತೆರೆದ ಊಟದ ಮನೆಗೆ ಇದೇ ಮೊದಲ ಬಸ್ಸು. "ಐದು ಮನೆಯವರ ಐದು ತೊಡೆ ಇಳಿಸಿದೀನಿ. ಬೇಗ ನೋಡಿಬಿಡಿ. ಇವತ್ತು ಏನಾದ್ರೂ ಎಡವಟ್ಟಾದ್ರೆ ನಾನು ಬಾಗಿಲು ಹಾಕಿಕೊಂಡು ಹೋಗೋದೇ."

ಕಾಸಿಲ್ದಾ ಸೂಜಿ ಹಿಡಿದು ಮೊದಲ ತೊಡೆಯ ಮುಂದೆ ನಿಂತಳು. ಈಗಲೇ ಹೇಳಿಬಿಡಲೇ? ಹೇಳಿದರೆ ನಲವತ್ತು ವರ್ಷದ ಹೆಸರು ಒಂದು ಗಳಿಗೆಯಲ್ಲಿ ಮಣ್ಣುಪಾಲು. ಅಷ್ಟರಲ್ಲಿ ಕೈ ತಾನಾಗಿ ಚುಚ್ಚಿಯಾಗಿತ್ತು. ಸೂಜಿ ಮೂಗಿಗೆ ಬಂತು. ಏನೂ ಇಲ್ಲ. ಗೋಡೆಯನ್ನು ಮೂಸಿದ ಹಾಗೆ.

"ಹ್ಞೂಂ."

ಎರಡನೆಯದೂ ಹ್ಞೂಂ, ಮೂರನೆಯದೂ ಹ್ಞೂಂ, ನಾಲ್ಕನೆಯದೂ ಹ್ಞೂಂ.

"ಎಲ್ಲಾನೂ ಪಾಸಾ? ಯಾವಾಗಲೂ ಒಂದಾದರೂ ಕಿತ್ತು ಎಸೀತಿದ್ರಲ್ಲ ಅತ್ತೆ!" ಎಂದು ಓಲಾಯಾ ನಕ್ಕಳು. ಪಾಪ, ಅದು ಬರಿಯ ಖುಷಿಯ ಮಾತು. ಆದರೆ ಕಾಸಿಲ್ದಾಳಿಗೆ ಅದು ಅನುಮಾನದ ಹಾಗೆ ಕೇಳಿಸಿತು, ಒಂದನ್ನಾದರೂ ಬೇಡ ಅನ್ನಲೇಬೇಕು. ಐದನೆಯ ತೊಡೆಗೆ ಕೆಂಪು ದಾರ ಕಟ್ಟಿತ್ತು. ಅದು ಎಲಾದಿಯೊನದು. ಅವನು ಅವಳ ಪಕ್ಕದ ಮನೆಯವನು, ಚಿಕ್ಕಂದಿನಿಂದ ಜೊತೆಗೆ ಬೆಳೆದವನು. ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ. ಅವಳು ಚುಚ್ಚಿದಳು, ಮೂಸಿದಳು, ಮುಖ ಕಿವುಚಿದಳು.

"ಇದು ಬೇಡ. ಕೆಟ್ಟಿದೆ."

ಎಲಾದಿಯೊ ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಆ ಮನುಷ್ಯ ತೊಡೆಯನ್ನು ಹೆಗಲಿಗೇರಿಸಿ ನಡೆದುಬಿಟ್ಟ.

ಬಸ್ಸು ಬಂತು. ಬಂದವರು ಓಕ್ ಮರಗಳ ಕೆಳಗೆ ಹುಲ್ಲು ಕೆದಕುವ ಹಂದಿಗಳ ಫೋಟೋ ತೆಗೆದು, ಅಂಗಳದ ಮೇಜುಗಳಿಗೆ ಕೂತು, ರೊಟ್ಟಿಗೆ ಟೊಮೇಟೊ ಉಜ್ಜುತ್ತಾ ಗಲಗಲ ಮಾಡತೊಡಗಿದರು. ಒಳಗೆ ಓಲಾಯಾ ನಾಲ್ಕರಲ್ಲಿ ಒಂದನ್ನು ಮರದ ಚೌಕಟ್ಟಿಗೆ ಬಿಗಿದು ಎಲೆಯಷ್ಟು ತೆಳ್ಳಗೆ ಕೊಯ್ಯುತ್ತಿದ್ದಳು. ಕಾಸಿಲ್ದಾ ಚಾಕುವನ್ನೇ ನೋಡುತ್ತಾ ಕುಳಿತಳು. ಚಾಕು ಇನ್ನೂ ಮೇಲಿನ ಮಾಂಸದಲ್ಲಿತ್ತು.

ಹಿಂಬಾಗಿಲಿನಿಂದ ಎಲಾದಿಯೊ ಬಂದ. ಕೈಯಲ್ಲೊಂದು ತಟ್ಟೆ. ಅವನು ತನ್ನ ತೊಡೆಯನ್ನು ಮೂಳೆಯವರೆಗೂ ಕೊಯ್ದು ತಂದಿದ್ದ.

"ತಗೊಳಮ್ಮ ಓಲಾಯಾ, ಕೆಟ್ಟಿರೋದು ತಿನ್ನು."

ಓಲಾಯಾ ಹೆದರುತ್ತಲೇ ಒಂದು ಚೂರು ಬಾಯಿಗಿಟ್ಟಳು. ಕಣ್ಣರಳಿತು. "ಅತ್ತೆ, ಬೆಣ್ಣೆ ಇದ್ದಂಗಿದೆಯಲ್ಲ!"

ಕಾಸಿಲ್ದಾಳಿಗೆ ನಾಚಿಕೆಗಿಂತ ಮೊದಲು ಹೆದರಿಕೆ ಬಂತು. ಕೆಟ್ಟಿದೆ ಅಂದದ್ದು ಚೆನ್ನಾಗಿದ್ದರೆ, ಚೆನ್ನಾಗಿದೆ ಅಂದದ್ದು? ಓಲಾಯಾ ಮೊದಲ ತಟ್ಟೆ ಎತ್ತಿಕೊಂಡು ಅಂಗಳದ ಹೊಸಿಲು ದಾಟುತ್ತಿದ್ದಳು.

"ಕೊಡಬೇಡ ಕಣೇ! ನಿಲ್ಲು!" ಎಂದು ಕಾಸಿಲ್ದಾ ಅರಚಿದ ಅಬ್ಬರಕ್ಕೆ ಅಂಗಳದವರೂ ತಿರುಗಿ ನೋಡಿದರು. "ನನಗೆ ವಾಸನೆ ಬರಲ್ಲ. ಜ್ವರ ಬಂದಾಗಿನಿಂದ ಬರ್ತಿಲ್ಲ. ಬೆಳಗ್ಗೆ ಹೇಳಿದ್ದೆಲ್ಲಾ ಸುಳ್ಳು."

ಎಲಾದಿಯೊ ಅವಳ ಕೈಯಿಂದ ಸೂಜಿ ತೆಗೆದುಕೊಂಡು, ಕೊಯ್ಯುತ್ತಿದ್ದ ತೊಡೆಯ ಮೂಳೆಬುಡಕ್ಕೆ ಚುಚ್ಚಿ, ಎಳೆದು ಮೂಸಿದ. ತಲೆ ಹಿಂದಕ್ಕೆ ಎಗರಿತು. ಸೂಜಿಯನ್ನು ಓಲಾಯಾಳ ಮುಂದೆ ಹಿಡಿದ. ಅವಳು ಬಾಯಿ ಮುಚ್ಚಿಕೊಂಡಳು, ತಟ್ಟೆಯನ್ನು ಹಾಗೇ ಕಸದ ಬಾನಿಗೆ ಸುರಿದಳು. ಅತ್ತೆಯ ಮುಖವನ್ನು ಒಮ್ಮೆಯೂ ನೋಡದೆ, ಕೆಂಪು ದಾರದ ತೊಡೆ ತರಲು ಪಕ್ಕದ ಮನೆಗೆ ಓಡಿದಳು.

ಅಂಗಳದಲ್ಲಿ ಊಟ ಸಾಗಿದಾಗ ಕಾಸಿಲ್ದಾ, ಎಲಾದಿಯೊ ಇಬ್ಬರೂ ಹಿತ್ತಲ ಕಲ್ಲಿನ ಮೇಲೆ ಕೂತಿದ್ದರು.

"ನಿನಗೆ ಯಾವಾಗ ಗೊತ್ತಾಯ್ತು?"

"ಈಸ್ಟರಿಗೂ ಮುಂಚೆ. ನಮ್ಮ ಗೊಬ್ಬರದ ಗುಂಡಿ ತೋಡಿದ ದಿನ ಇಡೀ ಸಂಜೆ ಅದರ ಪಕ್ಕ ಕೂತು ಬಟಾಣಿ ಸುಲೀತಿದ್ದೆಯಲ್ಲ, ಮಹಾರಾಣಿ ಹಾಗೆ!"

"ಮತ್ತೆ ಯಾಕೋ ಬಾಯಿ ಬಿಡಲಿಲ್ಲ?"

"ನೀನಾಗೇ ಹೇಳ್ತೀಯ ಅಂತ ಕಾದೆ. ಅದಿರಲಿ. ಐದರಲ್ಲಿ ನಂದೇ ಬೇಕಿತ್ತಾ ನಿನಗೆ?"

ಕಾಸಿಲ್ದಾ ಸೆಟೆದು ಕೂತಳು, ಮತ್ತೆ ಕುಸಿದಳು. "ಬೇರೆಯವರಾದ್ರೆ ಎದುರಿಗೇ ಕೊಯ್ದು ತೋರಿಸು ಅಂತ ಜಗಳಕ್ಕೆ ಬರ್ತಿದ್ರು. ನೀನೊಬ್ಬನೇ ಸುಮ್ಮನೆ ಹೊತ್ಕೊಂಡು ಹೋಗೋನು ಅಂತ ಗೊತ್ತಿತ್ತು."

 ಎಲಾದಿಯೊ ತನ್ನ ತಟ್ಟೆಯಿಂದ ಒಂದು ಚೂರು ಎತ್ತಿ ಅವಳ ಅಂಗೈಗೆ ಇಟ್ಟ. ಅವಳು ನಿಧಾನವಾಗಿ ಅಗಿದಳು. ಮೂರು ವರ್ಷ ಅವನು ಕಾದು ಮಾಡಿದ್ದು ಅವಳ ನಾಲಿಗೆಗೆ ಬರಿಯ ಉಪ್ಪಾಗಿ ಸಿಕ್ಕಿತು.

"ಹೇಗಿದೆ?"

ಹ್ಞೂಂ ಎನ್ನಲು ಬಾಯಿ ತೆರೆದವಳು ತಡೆದುಕೊಂಡಳು.

"ಗೊತ್ತಾಗ್ತಿಲ್ಲ ಕಣೋ," ಎಂದು ಅತ್ತಳು.